ಬಿಡಿ ಕಂತು ಬಿಟ್ಟು ನೋಡಿದ್ರ ನಡೀತದೇನು?

ಎಕ್ಸ್-ಫೈಲ್ಸ್ ಅಂತ ಒಂದು ಅಮೆರಿಕಾದ ಧಾರಾವಾಹಿ ಅದ. 1993ರ ಸೆಪ್ಟೆಂಬರದಾಗ ಫಾಕ್ಸ್ ಅನ್ನೋ ಚಾನೆಲ್ಲಿನ್ಯಾಗ ಶುರು ಆತು, 2002ರ ಮೇ ತಿಂಗಳಿನ ತನಕಾ ಒಂಬತ್ತು ಸೀಸನ್ ನಡೀತು. ಅಲ್ಲಿಗೆ ನಿಂತದ್ದು 2016ರಾಗ ಮತ್ತ ಎದ್ದು ಕೂತು, 2018ಕ್ಕ ಮುಗೀತು. ಒಟ್ಟು 218 ಕಂತು. ಒಂದೊಂದಕ್ಕ ಮುಕ್ಕಾಲು ತಾಸು ಅಂತ ಹಿಡದ್ರೂ 160 ತಾಸಿನ ಮ್ಯಾಲ ಆತು, ನಡುವ ಎರಡು ಸಿನೆಮಾ ಬ್ಯಾರೆ. ದಿನಾ ಒಂದೊಂದು ನೋಡಿಕೋತ ಹೋದ್ರ ಯುಗಾದಿಗೆ ಹಿಡದದ್ದು ದೀಪಾವಳಿಗೆ ಮುಗೀತದ.

ಪುಣೆದಾಗ ಇರೋ ನಮ್ಮಕ್ಕನ ಮಗಳು ಇದನ್ನ ಈಗ ಹಿಡದಾಳ. ಮೂರು ತಿಂಗಳಿನ ಕೂಸದ. ರಾತ್ರಿ ಎರಡು ಗಂಟೆಕ್ಕ ಎದ್ದು ಹಾಲು ಕುಡಸೋ ಮುಂದ ಸಣ್ಣ ಆವಾಜಿನ್ಯಾಗ ಹಚ್ಚಿಕೊಂಡು ಕೂಡತಾಳ. ಆಕಿ ಗಂಡ ಸಾಲಿಗೆ ಹೋಗೋ ಹುಡುಗ ಇದ್ದಾಗಿಂದ ಇದರ ಭಕ್ತ. ಅಂವಾ, "ಎಲ್ಲಾ ನೋಡಬ್ಯಾಡ, ಮುಖ್ಯ ಕಥಿ ಇರೋವು ಅಷ್ಟ ನೋಡು, ಉಳದದ್ದು ಬಿಡು" ಅಂತ ಒಂದು ಪಟ್ಟಿ ಮಾಡಿ ಕೊಟ್ಟಾನ. "ಮೌಶಿ, ಬಿಟ್ರ ನಡೀತದೇನು?" ಅಂತ ನನ್ನ ಕೇಳಿದ್ಲು. ನಾನು ಇದನ್ನ ಎರಡು ಸರ್ತೆ ಪೂರಾ ನೋಡೇನಿ ಅಂತ ಆಕಿಗೆ ಗೊತ್ತು. ಬಾಣಂತಿ ಟೈಮಿಗೆ ಬೆಲಿ ಅದ ನೋಡ್ರಿ. ಕೂಸು ಮಲಗಿದಾಗ ಸಿಗೋ ಮುಕ್ಕಾಲು ತಾಸು ಅಂದ್ರ ಅದು ನಿದ್ದಿಯೊಳಗಿಂದ ಕದ್ದು ತಂದದ್ದು. ಹಿಂಗಾಗಿ ಹೌದು, ಅಲ್ಲ ಅಂತ ಒಂದ ಮಾತಿನ್ಯಾಗ ಹೇಳದ, ವೈನಿಗೋಳಿಗೂ ಕಾಕುಗೋಳಿಗೂ ಉಪಯೋಗ ಆಗಲಿ ಅಂತ ಇಲ್ಲೇ ಬರೀಲಿಕತ್ತೇನಿ.

ಮೊದಲ ಗೊತ್ತಿಲ್ಲದವರಿಗೆ ಕಥಿ. ಅಮೆರಿಕಾದ ಎಫ್.ಬಿ.ಐ. ಒಳಗ ಇಬ್ಬರು ಅಧಿಕಾರಿಗಳು. ಮಲ್ಡರ್ ಅನ್ನೋಂವ ಎಲ್ಲಾ ನಂಬೋಂವ. ಸಣ್ಣವಿದ್ದಾಗ ಅವನ ತಂಗಿ ಕಣ್ಣ ಮುಂದ ಮಾಯ ಆಗ್ಯಾಳ, ಬ್ಯಾರೆ ಲೋಕದವರು ಒಯ್ದಾರ ಅಂತ ಅವನ ಖಾತ್ರಿ. ಸ್ಕಲ್ಲಿ ಅನ್ನಾಕಿ ಡಾಕ್ಟರು, ಪುರಾವೆ ಇಲ್ಲದ ಏನೂ ನಂಬೂದುಲ್ಲ. ಆ ತಂಗಿ ಎಲ್ಲಿ ಹೋದ್ಲು, ಸರಕಾರ ಏನು ಮುಚ್ಚಿಟ್ಟದ ಅನ್ನೋದು ವರ್ಷಾನಗಟ್ಟಲೆ ಎಳಕೊಂಡು ಹೋಗೋ ದಾರ. ಆ ದಾರಕ್ಕ ಪೋಣಿಸಿದ ಕಂತುಗಳಿಗೆ ಅವರು ಮಿಥಾಲಜಿ ಅಂತಾರ. ಉಳದದ್ದೆಲ್ಲಾ ವಾರಕ್ಕೊಂದು ಭೂತ: ಈ ವಾರ ಕೆರಿಯೊಳಗಿನ ಪ್ರಾಣಿ, ಮುಂದಿನ ವಾರ ಹುಳಾ, ಅದರ ಮುಂದಿನ ವಾರ ಮಳಿ ತರಸೋ ಮನಷ್ಯಾ. ಮುಕ್ಕಾಲು ತಾಸಿನ್ಯಾಗ ಹುಟ್ಟಿ ಅಲ್ಲೇ ಮುಗೀತದ. ಇವಕ್ಕ ನಾನು ಬಿಡಿ ಕಂತು ಅಂತೇನಿ, ಬಿಡಿ ಹೂವು ಇದ್ಧಂಗ. 2005ರಾಗ ಕಂಪನಿಯವರ ಮಿಥಾಲಜಿ ಕಂತುಗಳನ್ನಷ್ಟ ಆರಿಸಿ, ನಾಕು ಡಬ್ಬಿ ಡಿ.ವಿ.ಡಿ. ಮಾಡಿ ಮಾರಿದ್ರು. ಎಲ್ಲಾ ಸೇರಿ ಸುಮಾರು 60. ಅಂದ್ರ ಅಳಿಯನ ಪಟ್ಟಿ ಅಂವಾ ಹುಟ್ಟಿಸಿದ್ದಲ್ಲ, ಮಾಡಿದವರ ಕೈಯಿಂದನ ಬಂದದ್ದು.

ಈಗ ಚರಿತ್ರಿಗೆ ಬರೋಣು. ದಿನಾ ಮುಂದುವರಿಯೋ ಧಾರಾವಾಹಿ ಬೆಳದದ್ದು ನಮ್ಮಂಥವರ ಅಡಗಿಮನ್ಯಾಗ. 1930ರಾಗ ಶಿಕಾಗೋದ ಡಬ್ಲ್ಯೂ.ಜಿ.ಎನ್. ರೇಡಿಯೋಕ್ಕ ಅರ್ನಾ ಫಿಲಿಪ್ಸ್ ಅನ್ನೋ ಹೆಣ್ಣಮಗಳು 'ಪೇಂಟೆಡ್ ಡ್ರೀಮ್ಸ್' ಅಂತ ಬರದ್ಲು. ಮೊದಲ ಆಕಿ ಮಾಸ್ತರಣಿ ಇದ್ಲು. ಒಬ್ಬ ವಿಧವಾ ಅವ್ವ, ಆಕಿ ಮಗಳು, ಅವರ ಮನಿ ಮಾತುಕತಿ, ಇಷ್ಟ ಕಥಿ. ಹಗಲೊತ್ತು ರೇಡಿಯೋ ಕೇಳೋವರು ಹೆಂಗಸರು, ಮನಿಗೆ ಸಾಬಾಣ ಆರಿಸೋವರೂ ಅವರ. ಹಿಂಗಾಗಿ ಸಾಬಾಣದ ಕಂಪನಿಗೋಳು ರೊಕ್ಕಾ ಹಾಕಲಿಕ್ಕೆ ಮುಂದ ಬಂದು, ಈ ಜಾತಿ ಕಥಿಗೆ ಸೋಪ್ ಅನ್ನೋ ಹೆಸರ ಬಿತ್ತು. ಅರ್ನಾ ಫಿಲಿಪ್ಸ್ 1937ರಾಗ ಶುರು ಮಾಡಿಸಿದ 'ಗೈಡಿಂಗ್ ಲೈಟ್' 1952ರಾಗ ರೇಡಿಯೋದಿಂದ ಟಿ.ವಿ.ಗೆ ಬಂದು, 2009ರ ತನಕಾ ನಡೀತು. 72 ವರ್ಷ! ಅಜ್ಜಿ ಶುರು ಮಾಡಿದ್ದನ್ನ ಮರಿಮೊಮ್ಮಗಳು ಮುಗಿಸಿರಬೇಕು.

ಈ ಮಧ್ಯಾಹ್ನದ ಕಥಿ ಬರೆಯೋವರಿಗೆ ಒಂದು ಮಾತು ಛಲೋ ಗೊತ್ತಿತ್ತು. ಕೇಳೋವರು ಭಾಂಡೆ ತೊಳಕೋತ ಕೇಳಲಿಕತ್ತಾರ. ನಡುವ ಹಾಲು ಉಕ್ಕತದ, ಯಾರರೆ ಬಾಗಲಾ ಬಡೀತಾರ, ಕೂಸು ಅಳತದ. ಹಿಂಗಾಗಿ ಹೇಳಿದ್ದನ್ನ ಹೇಳಬೇಕು, ಸೋಮವಾರದ ಜಗಳಾ ಗುರುವಾರನೂ ನೆನಪ ಮಾಡಿ ಕೊಡಬೇಕು. ನಮ್ಮ ಸೀರಿಯಲ್ಲಿನ್ಯಾಗ ಅತ್ತಿ ಮಾರಿ ಮೂರು ಸರ್ತೆ ತಿರಗತದಲ್ಲ, ಗುಡುಗಿನ ಸಪ್ಪಳದ ಕೂಡ, ಅದೂ ಇದ ಮನಿತನದ್ದು. ಒಗ್ಗರಣಿ ಕೊಟ್ಟು ಬರೋದ್ರಾಗ ಏನೂ ತಪ್ಪಿರಬಾರದು ಅಂತ.

ರಾತ್ರಿ ಕಾರ್ಯಕ್ರಮದ್ದು ಬ್ಯಾರೆ ಜಾತಿ. ಉಂಡು ಎಲ್ಲಾರೂ ಕೂಡಿ ನೋಡೋವು, ವಾರಕ್ಕೊಮ್ಮೆ ಬರೋವು, ಒಂದೊಂದರ ಕಥಿ ಅವತ್ತ ಮುಗಿಯೋವು. ಯಾಕ ಹಂಗ ಅನ್ನೋದಕ್ಕ ಕಾರಣದೊಳಗ ಒಂದು ಬಾಣಂತನದ ಕಥಿ ಅದ.

1951ರಾಗ ಶುರು ಆದ 'ಐ ಲವ್ ಲೂಸಿ' ಅಂತ ನಗೆ ಕಾರ್ಯಕ್ರಮ. ಲೂಸಿಲ್ ಬಾಲ್ ಮತ್ತ ಆಕಿ ಗಂಡ ದೇಸಿ ಅರ್ನಾಜ್ ಇಬ್ಬರೂ ಕೂಡಿ ಮಾಡತಿದ್ರು. ಆಗಿನ ಕಾಲಕ್ಕ ಎಷ್ಟೋ ಕಾರ್ಯಕ್ರಮ ನೇರ ಪ್ರಸಾರ, ಹಾಡಿ ಮುಗಿಸಿದ ಹಾಡಿನಂಗ ಗಾಳ್ಯಾಗ ಹೋಗಿಬಿಡತಿದ್ದವು. ಇವರು ಮಾತ್ರ ಸಿನೆಮಾಕ್ಕ ಹಾಕೋ ಫಿಲ್ಮಿನ ಮ್ಯಾಲ ತಗಸಿ ಇಡತಿದ್ರು. 1952ರಾಗ ಲೂಸಿಲ್ ಬಸರಿ ಆದ್ಲು. ಬಸರಿ ಅನ್ನೋ ಶಬ್ದನ ಟಿ.ವಿ.ಯೊಳಗ ಆಡಬಾರದು ಅಂತ ಚಾನೆಲ್ಲಿನವರದು ಹಟ. ಶಬ್ದಾ ಬಿಟ್ಟು, ಬಸರಿನ್ನ ಕಥಿಯೊಳಗ ತಂದ್ರು. 1953ರ ಜನವರಿ 19ಕ್ಕ ಕಥಿಯೊಳಗಿನ ಲೂಸಿಗೆ ಗಂಡು ಕೂಸು ಹುಟ್ಟೋ ಕಂತು ಬಂತು. ಅವತ್ತ ಖರೇ ಖರೇನ ಆಕಿಗೆ ಆಪರೇಶನ್ ಆಗಿ ಗಂಡು ಕೂಸು ಹುಟ್ಟಿತು. ಮರುದಿನ ಐಸೆನ್‌ಹೋವರ್ ಅಧ್ಯಕ್ಷ ಆಗಿ ಪ್ರಮಾಣ ತೊಗೊಂಡದ್ದನ್ನ ನೋಡಿದವರಿಗಿಂತ ಈ ಬಾಣಂತನ ನೋಡಿದ ಮಂದಿ ಹೆಚ್ಚು.

ಹೆತ್ತ ಮ್ಯಾಲ ಆಕಿಗೆ ವಿಶ್ರಾಂತಿ ಬೇಕಲ್ಲ. ಹಳೇ ಕಂತು ಹೆಂಗೂ ಫಿಲ್ಮಿನ ಮ್ಯಾಲ ಇದ್ದವು, ಅವನ್ನ ತಗದು ಮತ್ತ ತೋರಿಸಿದ್ರು. ಮಂದಿ ಬ್ಯಾಸರಾ ಮಾಡಿಕೊಳ್ಳಲಿಲ್ಲ, ಖುಷಿಲೆ ನೋಡಿದ್ರು! ಮರುಪ್ರಸಾರಕ್ಕ ರೊಕ್ಕಾ ಹುಟ್ಟತದ ಅಂತ ಉದ್ಯಮಕ್ಕ ಗೊತ್ತಾದದ್ದು ಹಿಂಗ. ಆಮ್ಯಾಲ ಅದ ದೊಡ್ಡ ವ್ಯಾಪಾರ ಆತು. ಒಂದು ಕಾರ್ಯಕ್ರಮ ಸುಮಾರು 100 ಕಂತು ಮುಟ್ಟಿತಂದ್ರ ಊರೂರಿನ ಸ್ಟೇಶನ್ನಿಗೆ ಮಾರಬಹುದು, ಅವರು ಸಂಜಿಮುಂದ ವಾರದಾಗ ಐದು ದಿನಾ ಹಾಕಿಕೋತಾರ. ಆದ್ರ ಯಾವ ಊರಾಗ ಯಾವ ಕಂತು ಮೊದಲ ಬರತದ, ಯಾರು ಯಾವತ್ತ ಟಿ.ವಿ. ಮುಂದ ಕೂಡತಾರ, ಯಾರ ಕೈಯಾಗೂ ಇಲ್ಲ. ಹಿಂಗಾಗಿ ಒಂದೊಂದು ಕಂತೂ ತನ್ನ ಕಾಲ ಮ್ಯಾಲ ತಾ ನಿಲ್ಲಬೇಕು. ಅವರಿಗೆ ಅದು ವ್ಯಾಪಾರ ಖರೇ. ನಮ್ಮ ಕಡಿಂದ ನೋಡಿದ್ರ, ಹಿಂದಿನ ವಾರ ಬೀಗರು ಬಂದಿದ್ರು, ನೋಡಲಿಕ್ಕೆ ಆಗಲಿಲ್ಲ ಅನ್ನಾಕಿಗೂ ಒಂದು ಮಣಿ ಹಾಕಿ ಇಟ್ಟಂಗ.

1978ರಾಗ ಬಂದ 'ಡಲ್ಲಾಸ್' ಈ ಎರಡೂ ಜಾತಿಯ ಗೋಡಿ ಒಡೀತು. ಮೊದಮೊದಲ ಬಿಡಿ ಬಿಡಿ ಕಥಿ ಇದ್ದದ್ದು, ಬರಬರತ ಮಧ್ಯಾಹ್ನದ ಸೋಪಿನಂಗ ಎಳಿಯೋ ಕಥಿ ಆತು. 1980ರ ಮಾರ್ಚಿನ್ಯಾಗ ಮನಿಯ ಖಳನಾಯಕನಿಗೆ ಗುಂಡು ಬಿತ್ತು, ಹೊಡದವರು ಯಾರಂತ ಗೊತ್ತಾಗಿದ್ದು ನವೆಂಬರಕ್ಕ. ಎಂಟು ತಿಂಗಳು ಜಗತ್ತ ಕಾದು ಕೂತಿತ್ತು. ಅಲ್ಲಿಂದ ಮುಂದ ರಾತ್ರಿ ಕಾರ್ಯಕ್ರಮದವರಿಗೂ ದಾರಾ ಪೋಣಿಸೋ ಆಶಾ ಹತ್ತಿತು.

ಎಕ್ಸ್-ಫೈಲ್ಸ್ ಮಾಡಿದ ಕ್ರಿಸ್ ಕಾರ್ಟರ್ ಎರಡೂ ಇಟ್ಟುಕೊಂಡ್ರು. ವರ್ಷಕ್ಕ 20ರ ಮ್ಯಾಲ ಕಂತು, ಅದರಾಗ ಐದಾರೋ ಏಳೆಂಟೋ ದೊಡ್ಡ ಕಥಿ, ಉಳದದ್ದು ವಾರದ ಭೂತ. ಆದ್ರ ಆ ದೊಡ್ಡ ಕಥಿಗೆ ಗಟ್ಟಿ ಗಂಟು ಬಿದ್ದದ್ದೂ ಒಂದು ಬಸರಿನಿಂದನ. ಸ್ಕಲ್ಲಿ ಪಾತ್ರದ ಜಿಲಿಯನ್ ಆಂಡರ್ಸನ್ ಮೊದಲನೇ ಸೀಸನ್ ನಡದಾಗನ ಬಸರಿ ಆದ್ಲು. ವಯಸ್ಸು 25, ಆಕಿ ಇನ್ನೂ ಯಾರಿಗೂ ಗೊತ್ತಿಲ್ಲದ ನಟಿ. ಬ್ಯಾರೆಯವರನ್ನ ತರೋಣು ಅನ್ನೋ ಮಾತೂ ಬಂದಿತ್ತು. ಕಾರ್ಟರ್ ಆಕಿನ್ನ ಬಿಡಲಿಲ್ಲ. ಉದ್ದ ಕೋಟು ಹಾಕಿಸಿ, ಟೇಬಲ್ಲಿನ ಹಿಂದ ಕೂಡಿಸಿ, ಮಾರಿ ಅಷ್ಟ ತೋರಿಸಿ ದಿನಾ ದೂಡಿದ್ರು. ಇಬ್ಬರನ್ನ ಬ್ಯಾರೆ ಬ್ಯಾರೆ ಆಫೀಸಿಗೆ ಹಾಕಿದ್ರು. ಹೆರಿಗಿ ಹತ್ರ ಬಂದಾಗ ಸ್ಕಲ್ಲಿನ್ನ ಯಾರೋ ಎತ್ತಿ ಒಯ್ದ್ರು ಅಂತ ಕಥಿ ಕಟ್ಟಿದ್ರು. 1994ರ ಅಕ್ಟೋಬರದ ಆ ಕಂತಿನ್ಯಾಗ ಉಬ್ಬಿದ ಹೊಟ್ಟಿ ಒಂದು ತೋರಸತಾರ, ಅದು ಆಕಿ ಖರೇ ಬಸರಿನ ಹೊಟ್ಟಿನ. ಸೆಪ್ಟೆಂಬರದಾಗ ಹೆಣ್ಣು ಕೂಸು ಹುಟ್ಟಿತು, ಸುಮಾರು ಹತ್ತು ದಿನದಾಗ ಕೆಲಸಕ್ಕ ಹಾಜರ ಆದ್ಲಂತ. ನಮ್ಮಲ್ಲೆ ಹನ್ನೊಂದು ದಿನಾ ಮುಗಿಯೂ ತನಕಾ ಕ್ವಾಣಿ ಬಿಟ್ಟು ಹೊರಗ ಬಿಡಂಗಿಲ್ಲ! ಅದಕ್ಕ ಇರಬೇಕು, ಮರಳಿ ಬಂದ ಕಂತಿನ್ಯಾಗ ಆಕಿಗೆ ದವಾಖಾನಿ ಹಾಸಿಗಿ ಮ್ಯಾಲ ಪ್ರಜ್ಞಾ ಇಲ್ಲದ ಮಲಗೋ ಪಾತ್ರ.

ಮುಂದ ಸ್ಕಲ್ಲಿಗೆ ಕ್ಯಾನ್ಸರ್ ಬರೋದು, ಮಕ್ಕಳಾಗೂದುಲ್ಲ ಅಂತ ತಿಳಿಯೋದು, ಎಲ್ಲಾದಕ್ಕೂ ಬೇರು ಆ ಎತ್ತಿ ಒಯ್ದದ್ದರೊಳಗ ಅದ. "ಮುಖ್ಯ ಕಥಿ" ಅಂತ ಯಾವುದಕ್ಕ ಕೈ ಮುಗೀತಾರೋ ಅದು ಮೊದಲ ಯಾರೋ ತೂಕಾ ಮಾಡಿ ನಕ್ಷಾ ಹಾಕಿದ್ದಲ್ಲ, ಒಬ್ಬಾಕಿ ಬಾಣಂತನಕ್ಕ ಸಂಭಾಳಿಸಲಿಕ್ಕೆ ಹೊಲದ ತ್ಯಾಪಿ. ಛಲೋ ಹೊಲದಾರ, ಅದು ಬ್ಯಾರೆ ಮಾತು. ಆದ್ರ ಇದ ಅರವಿ, ಉಳದದ್ದು ಬರೇ ಅಂಚು ಅಂತ ತಿಳಕೋಬಾರದು.

ಇನ್ನೊಂದು ಮಾತು. ಹಳೇ ಕಂತು ನೋಡಿ ಹೊಸಾದಕ್ಕ ಬಂದು ಕೂಡೋದು ಅನ್ನೋದ ಹೊಸಾ ಪದ್ಧತಿ. ಎಕ್ಸ್-ಫೈಲ್ಸಿನ ಮೊದಲನೇ ಸೀಸನ್ ಪೂರಾ ಡಬ್ಬಿಯಾಗಿ ಡಿ.ವಿ.ಡಿ. ಬಂದದ್ದು 2000ರಾಗ, ಇಡೀ ಸೀಸನ್ ಹಂಗ ಮಾರಿದ ಮೊದಮೊದಲಿನವರೊಳಗ ಅದೂ ಒಂದು. ಅದಕ್ಕೂ ಮೊದಲ ತಪ್ಪಿದ್ದು ತಪ್ಪಿತು. ಯಾರರೆ ವಿ.ಸಿ.ಆರ್.ನ್ಯಾಗ ತುಂಬಿ ಇಟ್ಟಿದ್ರ ಉಂಟು, ಇಲ್ಲಂದ್ರ ಇಲ್ಲ. ನಮ್ಮಲ್ಲೆ 1988ರ ಅಕ್ಟೋಬರದಿಂದ 1990ರ ಜೂನ್ ತನಕಾ ದೂರದರ್ಶನದಾಗ ಮಹಾಭಾರತ 94 ಕಂತು ಬಂತು. ರವಿವಾರ ಮುಂಜಾನೆ ಕರೆಂಟ್ ಹೋದ್ರ, ಇಲ್ಲಾ ಅವತ್ತ ಮನ್ಯಾಗ ಶ್ರಾದ್ಧ ಇದ್ರ, ಕಥಿ ಎಲ್ಲಿ ಸಿಗಬೇಕು? ಮಧ್ಯಾಹ್ನ ಬಾಜೂ ಮನಿ ಕಾಕು ಸಂಡಿಗಿ ಕಾಯಲಿಕ್ಕೆ ಮಾಳಗಿಗೆ ಬಂದಾಗ ಸಿಗಬೇಕು. ಆಕಿ ಹತ್ತು ನಿಮಿಷದಾಗ ಮುಗಸ್ತಿದ್ಲು: ಇಂವಾ ಹಿಂಗಂದಾ, ಅಂವಾ ಬಿಲ್ಲು ಎತ್ತಿದಾ, ಮುಂದಿನ ವಾರ ಲಡಾಯಿ. ಯಾವ ಕಂತಿನ್ಯಾಗ ಕಥಿ ಮುಂದ ಹೋಗಿಲ್ಲ, ಬರೇ ಮಾತು, ಬರೇ ಕಣ್ಣೀರು, ಅದಕ್ಕ "ಈ ವಾರ ಏನೂ ಆಗಲಿಲ್ಲ ಬಿಡು" ಅಂತಿದ್ಲು. ಬಿಡೋ ಪಟ್ಟಿ ಅಂದ್ರ ಇದ. ಏನು ಆತು ಅನ್ನೋದು ಹತ್ತು ನಿಮಿಷದಾಗ ಹೇಳಲಿಕ್ಕೆ ಬರತದ. ಹೆಂಗ ಇತ್ತು ಅನ್ನೋದು ಹೇಳಲಿಕ್ಕೆ ಬರೂದುಲ್ಲ.

ಮಹಾಭಾರತದ ಮಾತು ಬಂತಂತ ಹೇಳತೇನಿ. ವನಪರ್ವದಾಗ ಉಪಾಖ್ಯಾನ ಎಷ್ಟವ ನೋಡ್ರಿ. ಪಾಂಡವರು ಕಾಡಿನ್ಯಾಗ ಕೂತಾರ, ಅರ್ಜುನ ಅಸ್ತ್ರ ತರಲಿಕ್ಕೆ ಹೋಗ್ಯಾನ, ಮುಖ್ಯ ಕಥಿ ನಿಂತದ. ಆವಾಗ ಬೃಹದಶ್ವ ಅನ್ನೋ ಋಷಿ ಬರತಾರ. ಧರ್ಮರಾಜ, ನನ್ನಂಥಾ ನಸೀಬಗೇಡಿ ರಾಜಾ ಇನ್ನೊಬ್ಬಂವ ಇದ್ದಾನೇನು ಅಂತ ಕೇಳತಾನ. ಋಷಿ ನಳ-ದಮಯಂತಿ ಕಥಿ ಹೇಳತಾರ. ಪೂರಾ ಬಿಡಿ ಕಂತು. ಪಾಂಡವರಿಗೆ ಅದಕ್ಕ ಯಾವ ಸಂಬಂಧನೂ ಇಲ್ಲ, ಪಟ್ಟಿ ಮಾಡೋವರು ಮೊದಲ ತಗದು ಒಗಿಯೋದು ಇದನ್ನ. ಆದ್ರ ಕಥಿ ಮುಗದ ಮ್ಯಾಲ ಋಷಿ ಧರ್ಮರಾಜಗ ಪಗಡಿಯ ಮರ್ಮ, ಅಕ್ಷಹೃದಯ, ಕಲಿಸಿ ಹೋಗತಾರ. ಮುಂದ ವಿರಾಟನ ಮನ್ಯಾಗ ಕಂಕ ಅಂತ ಹೆಸರಿಟ್ಟುಕೊಂಡು ಧರ್ಮರಾಜ ಮಾಡೋ ಕೆಲಸಾ ಯಾವುದು? ರಾಜನ ಕೂಡ ಪಗಡಿ ಆಡೋದು. ಜೂಜಿನ್ಯಾಗ ಹೆಂಡತಿನ್ನ ಸೋತಂವಾ ಅಲ್ಲೆ ಧೈರ್ಯಲೆ ಹೆಂಗ ಕೂತಾ ಅನ್ನೋದು, ನಳನ ಕಥಿ ಬಿಟ್ಟವರಿಗೆ ತಿಳಿಯೂದುಲ್ಲ.

ಎಕ್ಸ್-ಫೈಲ್ಸಿನ್ಯಾಗೂ ಹಂಗ ಅದ. 1994ರ ಜನವರಿದು 'ಬಿಯಾಂಡ್ ದ ಸೀ' ಅಂತ ಒಂದು ಕಂತು. ಪಟ್ಟಿಯೊಳಗ ಇದು ಬಿಡಿ. ಸ್ಕಲ್ಲಿಯ ಅಪ್ಪ ನೌಕಾಪಡಿಯ ಕ್ಯಾಪ್ಟನ್ನು. ಮಗಳು ಡಾಕ್ಟರಕಿ ಕಲ್ತು ಪೋಲೀಸ ಕೆಲಸಕ್ಕ ಸೇರಿದ್ದು ಅವರಿಗೆ ಸೇರಿಲ್ಲ. ಮಗಳ ಮನಿಗೆ ಉಣ್ಣಲಿಕ್ಕೆ ಬಂದು ಹೋದ ರಾತ್ರಿನ ಹಾರ್ಟ್ ಅಟ್ಯಾಕ್ ಆಗಿ ತೀರಕೋತಾರ. ಅಪ್ಪಗ ನನ್ನ ಮ್ಯಾಲ ಅಭಿಮಾನ ಇತ್ತೋ ಇಲ್ಲೋ, ಇನ್ನ ಯಾರ ಬಲ್ಲೆ ಕೇಳಬೇಕು? ಅದ ಹೊತ್ತಿಗೆ ಗಲ್ಲಿಗೆ ಹೋಗಲಿಕತ್ತ ಕೈದಿ ಒಬ್ಬಂವ, ನಿನ್ನ ಅಪ್ಪನ ಮಾತು ನನಗ ಕೇಳಿಸ್ತದ ಅಂತಾನ. ಏನೂ ನಂಬದಾಕಿ ನಂಬಲಿಕ್ಕೆ ಹೋಗತಾಳ, ಎಲ್ಲಾ ನಂಬೋ ಮಲ್ಡರ್ ಬ್ಯಾಡ ಅಂತಾನ. ಅಪ್ಪನ್ನ ಮಣ್ಣು ಮಾಡಿ ಬಂದ ಹೆಣ್ಣಮಕ್ಕಳು ಯಾರಿದ್ದೀರಿ, ಇದನ್ನ ನೋಡೋ ಮುಂದ ಬಾಜೂಕ ಒಂದು ಅರವಿ ಇಟಗೋರಿ. ಈ ಕಂತು ಬಿಟ್ಟವರಿಗೆ ಮುಂದ ಎಂಟು ವರ್ಷ ಸ್ಕಲ್ಲಿ ಅಂದ್ರ ಬರೇ ಇಲ್ಲ ಇಲ್ಲ ಅನ್ನೋ ಡಾಕ್ಟರು.

ಆಮ್ಯಾಲ ಆ ನಾಯಿ. 1995ರ ಅಕ್ಟೋಬರದಾಗ 'ಕ್ಲೈಡ್ ಬ್ರುಕ್‌ಮನ್ಸ್ ಫೈನಲ್ ರಿಪೋಸ್' ಬಂತು. ಬ್ರುಕ್‌ಮನ್ ವಿಮಾ ಮಾರೋ ಮುದುಕ. ಯಾರು ಹೆಂಗ ಸಾಯತಾರ ಅಂತ ಅವಗ ಕಾಣಸತದ, ಬ್ಯಾರೆ ಏನೂ ಕಾಣಸೂದುಲ್ಲ. ಹಿಂಗಾಗಿ ಅವಗ ಜೀವನದಾಗ ಯಾವ ರುಚಿನೂ ಉಳದಿಲ್ಲ. ನಗು, ಅಳು ಎರಡೂ ಒಂದ ತಾಟಿನ್ಯಾಗ. ಇದಕ್ಕ ಬರದ ಡಾರಿನ್ ಮಾರ್ಗನ್ನಿಗೂ, ಮುದುಕನ ಪಾತ್ರದ ಪೀಟರ್ ಬಾಯ್ಲ್‌ಗೂ ಎಮ್ಮಿ ಪ್ರಶಸ್ತಿ ಬಂದವು. ಬಿಡೋ ಪಟ್ಟಿಯೊಳಗಿನ ಕಂತಿಗೆ ಎರಡು ಎಮ್ಮಿ ಅಂದ್ರ ಲೆಕ್ಕಾ ಹಾಕ್ರಿ! ಆ ಕಂತಿನ ಕೊನಿಗೆ ಸತ್ತ ಮುದುಕಿಯ ಸಣ್ಣ ನಾಯಿ ಸ್ಕಲ್ಲಿ ಮನಿಗೆ ಬರತದ. ಮುಂದ ಅದ ಸೀಸನ್ನಿನ ಜಿರಳಿ ಕಂತಿನ್ಯಾಗ, ಮಲ್ಡರ್ ಬ್ಯಾರೆ ಊರಾಗ ಪರದಾಡಲಿಕತ್ತಾನ, ಸ್ಕಲ್ಲಿ ಮನ್ಯಾಗ ಆ ನಾಯಿಗೆ ಎರಕೋತ ಅವನ ಫೋನಿಗೆ ಉತ್ತರಾ ಕೊಡಲಿಕತ್ತಾಳ. 1996ರ ಮೇದಾಗ 'ಕ್ವಾಗ್‌ಮಯರ್' ಅನ್ನೋ ಕಂತಿನ್ಯಾಗ ಆ ನಾಯಿನ್ನ ಕೆರಿಯ ಪ್ರಾಣಿ ತಿಂದು ಹಾಕತದ. ಅವತ್ತ ರಾತ್ರಿ ದೋಣಿ ಮುಳಗಿ, ಇಬ್ಬರೂ ಕೆರಿಯೊಳಗಿನ ಒಂದು ಬಂಡಿ ಮ್ಯಾಲ ಕೂತು ಮಾತಾಡತಾರ. ಸಣ್ಣಾಕಿ ಇದ್ದಾಗ ಅಪ್ಪ ತನಗ ಓದಿ ಹೇಳತಿದ್ದ 'ಮೊಬಿ ಡಿಕ್' ಪುಸ್ತಕದ ಮಾತು ಸ್ಕಲ್ಲಿ ತಗೀತಾಳ. ಅಪ್ಪಗ ಒಂದು ಹೆಸರು, ಆಕಿಗೆ ಒಂದು ಹೆಸರು, ನಾಯಿಗೂ ಅದ ಪುಸ್ತಕದಾಗಿನ ಹೆಸರು. ನಾಕು ಬಿಡಿ ಕಂತು, ನಾಕಕ್ಕೂ ಒಂದು ಸಣ್ಣ ನೂಲು. ಈ ನೂಲು ಪಟ್ಟಿ ಮಾಡೋವರ ಕಣ್ಣಿಗೆ ಬೀಳೂದುಲ್ಲ. ಯಾಕಂದ್ರ ಇದು ಕಥಿ ಅಲ್ಲ, ಸಂಸಾರ. ಒಬ್ಬರ ಕೂಡ ಹತ್ತು ವರ್ಷ ಇದ್ರ ಮದವಿ, ಬಾಣಂತನ, ಸಾವು ಅಂತ ದೊಡ್ಡ ದಿನಾ ಎಷ್ಟ ಬರತಾವು? ಉಳದ ದಿನಾ ಎಲ್ಲಾ ಬಿಡಿ ಕಂತ.

ಇನ್ನ ನಮ್ಮ ಮನಿ ಮಾತು. ನಮ್ಮ ಅತ್ತಿಯವರಿಗೆ ಈಗ 84. ಎರಡು ವರ್ಷದಿಂದ ನೆನಪು ಜಾರಲಿಕತ್ತದ. ಮೊದಲ ಸಂಜಿ ಏಳರಿಂದ ಹತ್ತರ ತನಕಾ ನಾಕು ಸೀರಿಯಲ್ ನೋಡಿ, ಯಾವ ಸೊಸಿ ಯಾವ ಮನ್ಯಾಕಿ ಅಂತ ನಮಗ ಹೇಳತಿದ್ರು. ಈಗ ಟಿ.ವಿ. ಹಚ್ಚಿದ್ರ, "ಈಕಿ ಯಾರು? ಇವರ ಮನ್ಯಾಗ ಯಾಕ ಇದ್ದಾಳ?" ಅಂತ ಕೇಳತಾರ. ಹೇಳತೇವಿ. ಐದು ನಿಮಿಷಕ್ಕ ಮತ್ತ ಕೇಳತಾರ. ಆಮ್ಯಾಲ ತಾವ ಸುಮ್ಮನಾಗಿ ಸೀರಿಯ ಅಂಚು ತೀಡಿಕೋತ ಕೂತು ಬಿಡತಾರ. ತಮಗ ತಿಳೀಲಿಕತ್ತಿಲ್ಲ ಅನ್ನೋದು ಅವರಿಗೆ ತಿಳೀತದ, ಅದ ಭಾಳ ಕೆಟ್ಟ. ಒಂದು ದಿನಾ ನಮ್ಮ ಮಗಾ ಮಾಲ್ಗುಡಿ ಡೇಸ್ ಹಚ್ಚಿದಾ. ನಮ್ಮ ಶಂಕರ್ ನಾಗ್ ಆಗುಂಬೆಯೊಳಗ ತಗದದ್ದು, 1986ರಾಗ ದೂರದರ್ಶನಕ್ಕ ಬಂದದ್ದು. ಅದರಾಗ ಸ್ವಾಮಿ ಅನ್ನೋ ಹುಡುಗನ ಕಥಿ ಕಂತಿನಿಂದ ಕಂತಿಗೆ ಮುಂದುವರೀತದ. ಉಳದದ್ದು ಎಷ್ಟೋ ಆರ್.ಕೆ. ನಾರಾಯಣರ ಸಣ್ಣ ಕಥಿ, ಅರ್ಧಾ ತಾಸಿನೊಳಗ ಹುಟ್ಟಿ ಮುಗಿಯೋವು. ಅವತ್ತ ಬಂದದ್ದು ವಿಷ್ಣುವರ್ಧನ್ ಮಾಡಿದ ಕಂತು. ತಿಂಗಳಿಗೆ 40 ರೂಪಾಯಿ ಪಗಾರದ ಕಾರಕೂನ, ಸಂಜಿಗೆ ಸಿನೆಮಾಕ್ಕ ಕರಕೊಂಡು ಹೋಗತೇನಿ ಅಂತ ಮಗಳಿಗೆ ಮಾತು ಕೊಟ್ಟಿರತಾನ, ಆಫೀಸಿನ್ಯಾಗ ಬಿಡೂದುಲ್ಲ. ಸಿಟ್ಟಿಲೆ ರಾಜೀನಾಮೆ ಬರೀತಾನ, ಅಷ್ಟರಾಗ ಪಗಾರಾ 45 ಆತು ಅಂತಾರ, ಚೀಟಿ ಹರದು ಒಗೀತಾನ. ಮನಿಗೆ ಬರೋದ್ರಾಗ ಕೂಸು ಹೊಸಾ ಅಂಗಿ ಹಾಕ್ಕೊಂಡ ಮಲಗೇದ.

ಅತ್ತಿಯವರು ಕಣ್ಣು ಮಿಟುಕಿಸದ ನೋಡಿದ್ರು. ಮುಗದ ಮ್ಯಾಲ, "ನಮ್ಮ ಅಪ್ಪನೂ ಹಿಂಗ ಮಾಡತಿದ್ದಾ" ಅಂತ ಹೇಳಿ, ಹುಬ್ಬಳ್ಳಿ ಜಾತ್ರಿ ಒಂದರ ಕಥಿ ಶುರು ಮಾಡಿದ್ರು. ಆ ಕಥಿ ನಾವ್ಯಾರೂ ಕೇಳಿದ್ದಿಲ್ಲ. ಈಗ ದಿನಾ ಸಂಜಿಗೆ ಒಂದು ಕಂತು. ಯಾವುದರೆ ಹಾಕ್ರಿ, ಹಿಂದಿಂದು ಮುಂದಿಂದು ನೋಡೋದು ಬ್ಯಾಡ. ಅದ ಕಂತು ನಾಳೆ ಮತ್ತ ಹಾಕಿದ್ರೂ ಹೊಸಾದ. ಹಿಂದಿನದು ನೆನಪಿಲ್ಲದವರನ್ನೂ ಒಳಗ ಕರಕೊಳ್ಳೋ ಕಥಿ ಇದು. ಇದನ್ನ ಬಿಡಬಹುದಾದದ್ದು ಅಂತ ಯಾರರೆ ಅಂದ್ರ ನನಗ ಸಿಟ್ಟು ಬರೋದು ಸಹಜ, ಅಲ್ಲೇನ್ರಿ?

ಹಂಗಂತ ಎಲ್ಲಾ ನೋಡಬೇಕು ಅಂತ ನಾ ಹೇಳೂದುಲ್ಲ. ಬಾಣಂತಿ ನಿದ್ದಿಗಿಂತ ಯಾವ ಧಾರಾವಾಹಿನೂ ದೊಡ್ಡದಲ್ಲ. ಮೊದಲನೇ ಸೀಸನ್ನಿನ 'ಸ್ಪೇಸ್' ಬಿಡ್ರಿ, ಅದು ಮಾಡಿದವರಿಗೂ ಸೇರಿಲ್ಲ. ನಾಕನೇ ಸೀಸನ್ನಿನ 'ಹೋಮ್' ಅನ್ನೋದಂತೂ ಕೂಸು ಮಡಿಲಾಗ ಇದ್ದಾಗ ನೋಡಲೇಬಾರದು. ಹುಟ್ಟಿದ ಕೂಸನ್ನ ಮಳ್ಯಾಗ ಹುಗಿಯೋದರಿಂದ ಶುರು ಆಗತದ, ಚಾನೆಲ್ಲಿನವರ ಮೊದಲ ಎಚ್ಚರಿಕಿ ಹಾಕಿ ತೋರಿಸಿದ್ರು. ಇನ್ನ ಏಳನೇ ಸೀಸನ್ ದಾಟಿದ ಮ್ಯಾಲ ನನ್ನ ಸಲಹಾ ಅಳಿಯನದ್ದಕ್ಕ ಉಲ್ಟಾ. ಮಲ್ಡರನ ತಂಗಿಯ ಕಥಿ 2000ರ ಫೆಬ್ರುವರಿಯ 'ಕ್ಲೋಷರ್' ಕಂತಿನ್ಯಾಗ ಮುಗೀತದ. ಆಮ್ಯಾಲ ಎಳದ ಮಿಥಾಲಜಿ ಕೆದರಿದ ನೂಲಿನ ಉಂಡಿ, ತುದಿ ಸಿಗೂದುಲ್ಲ. ಅದನ್ನ ಬಿಡ್ರಿ, ಬಿಡಿ ಕಂತು ನೋಡ್ರಿ. ರಾತ್ರಿ ಎರಡು ಗಂಟೆಕ್ಕೂ ಅವ ಛಲೋ: ಕೂಸು ಮಲಗೋದ್ರಾಗ ಕಥಿ ಮುಗದಿರತದ, ಮುಂದೇನಾತೋ ಅಂತ ಇನ್ನೊಂದು ಹಚ್ಚೋ ಚಟಾ ಇಲ್ಲ.

ಆರನೇ ಸೀಸನ್ನಿನ 'ಡ್ರೈವ್' ಮಾತ್ರ ಬಿಡಬ್ಯಾಡ್ರಿ. 1998ರ ನವೆಂಬರದ್ದು. ಒಬ್ಬ ಮನಷ್ಯಾನ ತಲಿಯೊಳಗ ಏನೋ ನೋವು, ಗಾಡಿ ಪಶ್ಚಿಮಕ್ಕ ಓಡಲಿಕ್ಕೇ ಬೇಕು, ನಿಂತ್ರ ಸತ್ತಾ. ಮಲ್ಡರ್ ಗಾಡಿ ಹೊಡೀತಾನ. ಆ ಮನಷ್ಯಾ ಮಾತಿನ್ಯಾಗ ಭಾಳ ಹೊಲಸು, ಆದ್ರೂ ಕೊನಿಗೆ ಅವನ ಸಲುವಾಗಿ ಹೊಟ್ಟಿ ಚುರ್ ಅಂತದ. ಬರದಂವ ವಿನ್ಸ್ ಗಿಲ್ಲಿಗನ್, ಆ ಪಾತ್ರ ಮಾಡಿದಂವ ಬ್ರಯನ್ ಕ್ರ್ಯಾನ್ಸ್ಟನ್. ಮುಂದ ಗಿಲ್ಲಿಗನ್ 'ಬ್ರೇಕಿಂಗ್ ಬ್ಯಾಡ್' ಮಾಡೋ ಮುಂದ ಇವನ್ನ ಬೇಕಂದಾಗ, ಚಾನೆಲ್ಲಿನವರಿಗೆ ಅಂವಾ ನಗಸೋ ಅಪ್ಪನ ಪಾತ್ರದಂವ ಅಂತ ಅಷ್ಟ ಗೊತ್ತಿತ್ತು. ಗಿಲ್ಲಿಗನ್ ಈ ಬಿಡಿ ಕಂತು ಹಚ್ಚಿ ತೋರಿಸಿದ್ರು, ಅವರು ಒಪ್ಪಿದ್ರು. 2008ರಾಗ ಶುರು ಆದ ಆ ಧಾರಾವಾಹಿ ಪೂರಾ ದಾರಕ್ಕ ಪೋಣಿಸಿದ್ದು, ಒಂದು ಕಂತು ತಪ್ಪಿದ್ರ ಮುಂದಿಂದು ತಿಳಿಯೂದುಲ್ಲ. ಆದ್ರ ಅದರಾಗೂ 2010ರಾಗ ಒಂದು ಬಂತು, 'ಫ್ಲೈ' ಅಂತ. ರೊಕ್ಕಾ ಉಳಸಲಿಕ್ಕೆ ಒಂದ ಜಾಗಾದಾಗ ತಗದದ್ದು: ಇಬ್ಬರು ಗಂಡಸರು, ಒಂದು ನೊಣಾ, ಅದನ್ನ ಹೊಡಿಯೋದ್ರಾಗ ಕಂತು ಮುಗೀತದ. ಬಿಡೋ ಪಟ್ಟಿ ಮಾಡೋವರು ಅದನ್ನೂ ಹಾಕತಾರ. ಅಡಗಿಮನ್ಯಾಗ ನೊಣಾ ಹೊಕ್ಕ ಮಧ್ಯಾಹ್ನ ಹೆಂಗಿರತದ ಅಂತ ಅವರಿಗೇನು ಗೊತ್ತು.